ಮ್ಯೂನಿಕ್‌ನಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ಕೊಡ್ತಾರಲ್ವಾ?

"ಮಗಳಿಗೆ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಶ್ಟುಡೆಂಟನ್‌ಶ್ಟಾಟ್ ಅಂತ ದೊಡ್ಡ ಹಾಸ್ಟೆಲ್ ಇದೆಯಂತೆ. ಅಲ್ಲಿ ರೂಮು ಕೊಡ್ತಾರಲ್ವಾ ಸರ್?"

ಪ್ರತಿ ವರ್ಷ ಇದೇ ಪ್ರಶ್ನೆ, ಪ್ರತಿ ವರ್ಷ ನನ್ನದು ಇದೇ ಉತ್ತರ: ಸೀಟಿನ ಜೊತೆ ರೂಮು ಬರುವುದಿಲ್ಲ.

ನಮ್ಮಲ್ಲಿ ಕಾಲೇಜಿಗೆ ಸೇರುವಾಗಲೇ ಹಾಸ್ಟೆಲ್ ಅರ್ಜಿಯನ್ನೂ ಅದೇ ಕೌಂಟರಿನಲ್ಲಿ ಕೊಡುತ್ತಾರೆ. ಅಲ್ಲೂ ಹಾಗೇ ಇರಬೇಕೆಂದು ನಂಬಿ ಕೂತವರನ್ನು ಅಲುಗಾಡಿಸುವುದೇ ಕಷ್ಟ. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಕೆಲಸ ಪಾಠ, ಪರೀಕ್ಷೆ, ಸಂಶೋಧನೆ. ಹಾಸ್ಟೆಲು, ಕ್ಯಾಂಟೀನು ನಡೆಸುವುದು ಶ್ಟುಡೀರೆಂಡೆನ್‌ವೆರ್ಕ್ ಎಂಬ ಬೇರೆಯೇ ಸಾರ್ವಜನಿಕ ಸಂಸ್ಥೆ. ಅರ್ಜಿ ಬೇರೆ, ಸರದಿ ಬೇರೆ. ಆ ಸರದಿಯಲ್ಲಿ ಊರಿನ ಇತರ ವಿಶ್ವವಿದ್ಯಾಲಯಗಳ ಮಕ್ಕಳೂ ನಿಂತಿರುತ್ತಾರೆ.

"ಅಷ್ಟೊಂದು ಫೀಸು ಕಟ್ತೀವಲ್ಲ?" ಕಟ್ಟುತ್ತೀರಿ, ನಿಜ. ಈ ವಿಶ್ವವಿದ್ಯಾಲಯದಲ್ಲಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸ್ನಾತಕೋತ್ತರ ಪದವಿಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ. ಅದು ಪಾಠದ ದುಡ್ಡು. ಸೆಮಿಸ್ಟರ್ ವಂತಿಗೆಯಲ್ಲಿ ಶ್ಟುಡೀರೆಂಡೆನ್‌ವೆರ್ಕ್ ಹೆಸರು ಕಂಡು "ಹಾಸ್ಟೆಲ್ ದುಡ್ಡೂ ಹೋಯ್ತು" ಅನ್ನುವವರಿದ್ದಾರೆ. ಅದು ಎಲ್ಲ ವಿದ್ಯಾರ್ಥಿಗಳೂ ಕೊಡುವ ವಂತಿಗೆ. ರೂಮು ಸಿಕ್ಕರೆ ಬಾಡಿಗೆ ಪ್ರತ್ಯೇಕ. ಅರ್ಜಿ ಇವತ್ತೇ ಹಾಕಿಸಿ, ಜೊತೆಗೆ ಖಾಸಗಿ ರೂಮನ್ನೂ ಹುಡುಕಲಿ. ಜರ್ಮನಿಯಲ್ಲೇ ಬಾಡಿಗೆ ದುಬಾರಿಯಾದ ಊರು ಅದು.

ಹಾಗಾದರೆ ಶ್ಟುಡೆಂಟನ್‌ಶ್ಟಾಟ್‌ನ ಆ ದೊಡ್ಡ ಕಟ್ಟಡಗಳ ಕಥೆಯೇನು? ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೆಸರಿನ ಅರ್ಥವೇ ವಿದ್ಯಾರ್ಥಿನಗರ. ರಸಾಯನಶಾಸ್ತ್ರಜ್ಞ ಎಗೊನ್ ವೀಬೆರ್ಗ್ ಅವರ ಕನಸು ಅದು. ಇಂಗ್ಲಿಷ್ ಗಾರ್ಡನ್ ಎಂಬ ದೊಡ್ಡ ಉದ್ಯಾನದ ಪಕ್ಕದಲ್ಲಿ 1960ರ ದಶಕದಲ್ಲಿ ಮೊದಲ ಮನೆಗಳು ಎದ್ದವು, 1970ರ ದಶಕದಲ್ಲಿ ಎತ್ತರದ ಗೋಪುರಗಳು. ಒಟ್ಟು ಸುಮಾರು 2,500 ಮಂದಿಗೆ ಜಾಗ, ದೇಶದಲ್ಲೇ ದೊಡ್ಡದು. ಯು6 ಮೆಟ್ರೊದಲ್ಲಿ ಇದರ ಹೆಸರಿನದೇ ನಿಲ್ದಾಣವಿದೆ.

2021ರ ಫೆಬ್ರವರಿಯಲ್ಲಿ ಒಂದು ಗೋಪುರಕ್ಕೆ ಬೆಂಕಿ ಬಿದ್ದು ಯುವತಿಯೊಬ್ಬಳು ತೀರಿಕೊಂಡಳು. ಬೆಂಕಿ ಸುರಕ್ಷತೆಯ ಕೊರತೆ, ಹಳೆಯ ಕಟ್ಟಡದ ದುರಸ್ತಿ ಎಂದು ಗೋಪುರಗಳನ್ನು ತೆರವು ಮಾಡಿಸಿದರು. ಸಾವಿರಕ್ಕೂ ಹೆಚ್ಚು ರೂಮುಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಕೆಳಗೆ ರೂಮಿಗಾಗಿ ಮಕ್ಕಳು ಅಲೆಯುತ್ತಿರುವಾಗ ಮೇಲೆ ಕಿಟಕಿಗಳೆಲ್ಲ ಕತ್ತಲು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸರದಿ ಬಂದು ಮಗಳಿಗೆ ಅಲ್ಲೇ ರೂಮು ಸಿಕ್ಕರೆ, ಅಲ್ಲಿ ನಡೆಯುವ ಶ್ಟುಸ್ಟಾಕುಲುಮ್ ಎಂಬ ಉತ್ಸವದಲ್ಲಿ ಕೈಜೋಡಿಸಲು ಹೇಳಿ. ನಾಟಕ, ಸಂಗೀತ ಎಲ್ಲ ಇರುತ್ತದೆ. 1989ರಿಂದ ಅದನ್ನು ಅಲ್ಲಿನ ಮಕ್ಕಳೇ ಸಂಬಳವಿಲ್ಲದೆ ನಡೆಸಿಕೊಂಡು ಬಂದಿದ್ದಾರೆ.