ಸರ್ಕಾರವೇ ತೋರಿಸಿದ ಜಾಗದಲ್ಲಿ ಒತ್ತುವರಿದಾರರು

ಶಿವಮೊಗ್ಗ ಜಿಲ್ಲೆಯಲ್ಲಿ ಚುನಾವಣೆ ಬಂದಾಗಲೆಲ್ಲ ಮೂರು ಮಾತು ಕೇಳಿಸುತ್ತವೆ: ಬಗರ್ ಹುಕುಂ (ಅನುಮತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿದ ಸಾಗುವಳಿ), ಡೀಮ್ಡ್ ಅರಣ್ಯ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗ), ಶರಾವತಿ ಮುಳುಗಡೆ ಸಂತ್ರಸ್ತರು. ಕಾಯ್ದೆಗಳು ಬೇರೆ ಬೇರೆ, ಕಚೇರಿಗಳೂ ಬೇರೆ. ಆದರೆ ಒಬ್ಬನೇ ರೈತನ ಒಂದೇ ಎಕರೆಯ ಮೇಲೆ ಮೂರೂ ಬಂದು ಕೂರುವುದುಂಟು. ಈ ಗೋಜಲು ಬಿಡಿಸಲು ಹೊರಟವರು 1951ರ ಕಾಗೋಡಿಗೆ ಹೋಗಲೇಬೇಕು.

ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಜಗಳ ಶುರುವಾದದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ಬಳಸುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು ಎಂದು ಗೇಣಿದಾರರು ತಕರಾರು ತೆಗೆದರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು, ಬೆನ್ನಿಗೆ ಎಚ್. ಗಣಪತಿಯಪ್ಪನವರ ರೈತ ಸಂಘ. ಒಡೆಯರು ಅವರಿಂದ ಜಮೀನು ಬಿಡಿಸಿದರು. ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಒಂದು ತಂಡ ಬಂಧನಕ್ಕೊಳಗಾದರೆ ಇನ್ನೊಂದು ತಂಡ ಸಿದ್ಧವಿರುತ್ತಿತ್ತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೆ ನಿಂತ ಮೇಲೆ ಚಳವಳಿ ಜಿಲ್ಲೆಯ ಗಡಿ ದಾಟಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಕೊಳಗದ ವಿಷಯದಲ್ಲಿ ಕಾನೂನು ಗೇಣಿದಾರರ ಕಡೆಗಿತ್ತು, ಜಮೀನಿನ ವಿಷಯದಲ್ಲಿ ಒಡೆಯರ ಕಡೆಗೆ. ಜೈಲು ಸೇರಿದವರು ಮಾತ್ರ ನೇಗಿಲು ಹಿಡಿದವರೇ. ಒಂಬತ್ತು ವರ್ಷ ಹಿಂದೆ, ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ, ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಜನ ಅಧಿಕಾರವನ್ನೇ ತಳ್ಳಿಹಾಕಿದ್ದರು. ಹುಡುಗರಿಬ್ಬರನ್ನು ತಮ್ಮದೇ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಆಗಿ ನೇಮಿಸಿಕೊಂಡರು. ಸರ್ಕಾರಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಘರ್ಷಣೆಯಲ್ಲಿ ಸತ್ತರು. 1943ರಲ್ಲಿ ಐವರು ಗಲ್ಲಿಗೇರಿದರು. ಕಾಗೋಡಿನವರು ಸರ್ಕಾರ ತಮ್ಮದೆಂದು ಒಪ್ಪಿಕೊಂಡೇ ಅದರ ಕಾನೂನು ಮುರಿದರು, ಶಿಕ್ಷೆಗೂ ಕೈಯೊಡ್ಡಿದರು. ಈಗ ತಮ್ಮದೇ ಆದ ಆ ಸರ್ಕಾರ ಇದಕ್ಕೆ ಉತ್ತರ ಕೊಡದೆ ನುಣುಚಿಕೊಳ್ಳುವುದು ಸುಲಭವಿರಲಿಲ್ಲ.

ಉತ್ತರ ಬರಲು ಕಾಲು ಶತಮಾನ ಹಿಡಿಯಿತು: 1952ರಲ್ಲಿ ಗೋಪಾಲಗೌಡರು ಶಾಸನಸಭೆಗೆ, 1961ರಲ್ಲಿ ಭೂಸುಧಾರಣಾ ಕಾಯ್ದೆ, ದೇವರಾಜ ಅರಸರ ಕಾಲದಲ್ಲಿ ಅದಕ್ಕೆ ತಿದ್ದುಪಡಿ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು. ಉಪವಿಭಾಗಾಧಿಕಾರಿಯ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರೂ ಕೂತ ಭೂ ನ್ಯಾಯಮಂಡಳಿಗಳು ಉಳುವವರಿಗೆ ಹಕ್ಕು ಕೊಟ್ಟವು. 1951ರಲ್ಲಿ ಅಪರಾಧವಾಗಿದ್ದುದು ಈಗ ಡಿಕ್ಲರೇಷನ್, ಅಂದರೆ ಉಳುವ ಜಮೀನಿನ ಹಕ್ಕು ಕೋರುವ ಅರ್ಜಿಯಾಯಿತು.

ಇದೇ ಅವಧಿಯಲ್ಲಿ, ಇದೇ ತಾಲ್ಲೂಕಿನಲ್ಲಿ, ತದ್ವಿರುದ್ಧವಾದದ್ದೂ ನಡೆಯುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ನೀರಿನಡಿ ಹೋದವು. ರಾಜ್ಯಕ್ಕೆ ವಿದ್ಯುತ್ ಬಂತು. ಮುಳುಗಡೆಯಾದವರಿಗೆ ಜಿಲ್ಲೆಯ ಬೇರೆ ಬೇರೆ ಕಡೆ ಅರಣ್ಯದಲ್ಲಿ ಜಾಗ ತೋರಿಸಲಾಯಿತು. ಅವರು ಮಟ್ಟಿ ಕಡಿದು ಗದ್ದೆ ಮಾಡಿದರು, ಅಡಿಕೆ ಹಾಕಿದರು. ಜಾಗವನ್ನು ಅರಣ್ಯದ ಲೆಕ್ಕದಿಂದ ತೆಗೆದು ಪಹಣಿ ಮಾಡಿಕೊಡುವ ಕೆಲಸ ಬಹಳ ಕಡೆ ಹಾಗೆಯೇ ಉಳಿಯಿತು. ಆಗ ಅದು ರಾಜ್ಯದೊಳಗೇ ಮುಗಿಯಬಹುದಾಗಿದ್ದ ಕೆಲಸ.

1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆಯೂ ಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅರಣ್ಯದ ವ್ಯಾಪ್ತಿಯನ್ನೇ ಹಿಗ್ಗಿಸಿತು. ದಾಖಲೆಯಲ್ಲಿ ಒಡೆತನ ಯಾರದೇ ಇರಲಿ, ಕಾಡಿನಂತಿರುವುದೆಲ್ಲ ಕಾಡಾಯಿತು. ಕಾನು (ಊರ ಪಕ್ಕದ ದಟ್ಟ ಕಾಡು), ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇವುಗಳ ನಾಡಿನಲ್ಲಿ ಇದರ ಪರಿಣಾಮ ಊಹಿಸಬಹುದು. ರಾಜ್ಯವು ಮುಳುಗಡೆಯವರ ಜಾಗಗಳನ್ನು ಅರಣ್ಯದಿಂದ ಕೈಬಿಡುವ ಆದೇಶಗಳನ್ನು ಹೊರಡಿಸುತ್ತಲೇ ಬಂತು. ಕೇಂದ್ರದ ಅನುಮತಿ ಇಲ್ಲದ ಇಂಥ ಆದೇಶ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ನ್ಯಾಯಾಲಯ ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ಪಶ್ಚಿಮ ಘಟ್ಟದ ಕಾಡಿಗೂ ಒಬ್ಬ ವಕೀಲ ಬೇಕು.

2006ರ ಅರಣ್ಯ ಹಕ್ಕು ಕಾಯ್ದೆ ದಾರಿ ತೋರಿಸಬಹುದಿತ್ತು. ಆದರೆ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ನೆಲೆಸಿ ಬದುಕಿದ್ದನ್ನು ತೋರಿಸಬೇಕು. ಆ ಲೆಕ್ಕ 1930ಕ್ಕೆ ಹೋಗುತ್ತದೆ. ಅರವತ್ತರ ದಶಕದಲ್ಲಿ ಸರ್ಕಾರವೇ ಎಬ್ಬಿಸಿ ತಂದವನಿಗೆ ಹೊಸ ಜಾಗದಲ್ಲಿ 1930ರ ಗುರುತು ಎಲ್ಲಿಂದ ಬರಬೇಕು? ಅವನ ಅಜ್ಜನ ಮನೆ ಹಿನ್ನೀರಿನಲ್ಲಿದೆ.

ಬಗರ್ ಹುಕುಂ ಸಕ್ರಮಕ್ಕೆ ಅರ್ಜಿ ನಮೂನೆ 50, 53, ಆಮೇಲೆ 57 ಬಂದವು. ಅರಣ್ಯ ಎಂದು ದಾಖಲಾದ ಜಾಗಕ್ಕೆ ಅವು ಯಾವುವೂ ತಾಗುವುದಿಲ್ಲ. ಹೊಟ್ಟೆಪಾಡಿನ ಎರಡು ಎಕರೆಯವರ ಹೆಸರಿನ ಮರೆಯಲ್ಲಿ ಮೊನ್ನೆ ಮೊನ್ನೆ ಬೇಲಿ ವಿಸ್ತರಿಸಿಕೊಂಡ ದೊಡ್ಡ ತೋಟಗಳೂ ಇವೆ ಎಂಬುದು ಮಲೆನಾಡಿನಲ್ಲಿ ಗುಟ್ಟೇನಲ್ಲ. ಒತ್ತುವರಿ ಎಂಬ ಪಟ್ಟಿ ಇಬ್ಬರಿಗೂ ಒಂದೇ. ಮುಳುಗಡೆಯವರನ್ನು ಆ ಪಟ್ಟಿಯಿಂದ ಬೇರ್ಪಡಿಸಲು ಅರವತ್ತರ ದಶಕದ ಪುನರ್ವಸತಿ ಕಡತ ಬೇಕು, ಸರ್ವೆ ಬೇಕು, ಕಂದಾಯ ಮತ್ತು ಅರಣ್ಯ ಎರಡೂ ಇಲಾಖೆಯ ಸಹಿ ಬೇಕು, ಕೊನೆಗೆ ದೆಹಲಿಯ ಒಪ್ಪಿಗೆಯೂ ಬೇಕು.