ಇವರು ಪುಸ್ತಕ ಯಾಕೆ ಬಿಡುವುದಿಲ್ಲ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಸಹಕಾರಿ ಸೊಸೈಟಿಗಳಿಂದ ನನಗೆ ಬರುವ ಫೋನುಗಳದ್ದು ಹೆಚ್ಚುಕಡಿಮೆ ಒಂದೇ ರಾಗ. "ಹೊಸ ಸಾಫ್ಟ್‌ವೇರ್ ಹಾಕಿಸಿದ್ದೇವೆ, ಟ್ರೈನಿಂಗೂ ಆಯ್ತು. ನಮ್ಮ ಸಿಬ್ಬಂದಿ ಕೈಯಲ್ಲಿ ಬರೆಯುವ ಲೆಕ್ಕದ ಪುಸ್ತಕ ಬಿಡುವುದಿಲ್ಲ ಮಾರಾಯ್ರೇ, ಒಮ್ಮೆ ಬಂದು ಹೇಳಿ." ಹೇಳಿದರೆ ಆಗುವುದಾಗಿದ್ದರೆ ಸೆಕ್ರೆಟರಿ ಹೇಳಿದಾಗಲೇ ಆಗಬೇಕಿತ್ತಲ್ಲ?

ಬದಲಾವಣೆ ಯಾಕೆ ಬೇಕೆಂದು ಸಿಬ್ಬಂದಿ ತಾವೇ ಕಂಡುಕೊಳ್ಳಲಿ ಎಂದರೆ ಎಲ್ಲರೂ ಕೂಡಲೇ ಒಪ್ಪುತ್ತಾರೆ. ಆಮೇಲೆ ಮೀಟಿಂಗ್ ಕರೆದು, "ಪುಸ್ತಕದಿಂದ ಏನೇನು ತೊಂದರೆ, ನೀವೇ ಹೇಳಿ" ಎನ್ನುತ್ತಾರೆ. ಇದು ಮೌಖಿಕ ಪರೀಕ್ಷೆ. ಯಾವ ಉತ್ತರ ಬೇಕೆಂದು ಸಿಬ್ಬಂದಿಗೆ ಗೊತ್ತು. ಹೇಳಿ, ಚಾ ಕುಡಿದು, ಮತ್ತೆ ಪುಸ್ತಕ ತೆರೆಯುತ್ತಾರೆ. ನಿಮಗೇ ಗೊತ್ತಿಲ್ಲದ ಏನಾದರೂ ಹೊರಬೀಳಲು ಜಾಗ ಇರಬೇಕು. ನಿಮ್ಮ ಯೋಜನೆಯನ್ನೇ ತಿದ್ದಬೇಕಾಗಬಹುದು. ಅದಕ್ಕೆ ಮನಸ್ಸಿಲ್ಲದಿದ್ದರೆ ನೇರ ಆರ್ಡರ್ ಹೊರಡಿಸಿ, ನಾಟಕ ಬೇಡ.

ಅಮೆರಿಕದ ವರ್ಜೀನಿಯಾದ ಹಾರ್ವುಡ್ ಪೈಜಾಮ ಕಾರ್ಖಾನೆಯ ಬಗ್ಗೆ ಕೋಚ್ ಮತ್ತು ಫ್ರೆಂಚ್ ಎಂಬ ಸಂಶೋಧಕರು 1948ರಲ್ಲಿ ಬರೆದಿದ್ದಾರೆ. ಅಲ್ಲಿ ಖರ್ಚು ಯಾಕೆ ಇಳಿಸಬೇಕೆಂದು ತೋರಿಸಲು, ನೋಡಲು ಒಂದೇ ತರಹದ ಎರಡು ಉಡುಪು ಮುಂದಿಟ್ಟು, ಅಗ್ಗದ್ದು ಯಾವುದೆಂದು ಕೆಲಸಗಾರರನ್ನು ಕೇಳಿದರು. ಗುರುತಿಸಲಾಗಲಿಲ್ಲ, ಒಂದರ ಬೆಲೆ ಇನ್ನೊಂದರ ಎರಡು ಪಟ್ಟು. ಈ ಉತ್ತರ ಮೇಲಿನವರಿಗೆ ಗೊತ್ತಿತ್ತು, ನಿಜ. ಆದರೆ ಕೆಲಸ ಹೇಗೆ ಬದಲಿಸುವುದೆಂದು ಕೆಲಸಗಾರರೂ ಕೂತು ಯೋಚಿಸಿದರು. ಹೀಗೆ ಯೋಚಿಸುವುದರಲ್ಲಿ ಎಲ್ಲರೂ ಸೇರಿದ ಗುಂಪುಗಳ ಉತ್ಪಾದನೆ ಮೊದಲಿಗಿಂತ ಸುಮಾರು ಶೇ. 14 ಏರಿತು. ಬದಲಾವಣೆಯನ್ನು ಬರೀ ತಿಳಿಸಿ ಬಿಟ್ಟ ಗುಂಪಿನಲ್ಲಿ 40 ದಿನಗಳೊಳಗೆ ಶೇ. 17 ಮಂದಿ ಕೆಲಸ ಬಿಟ್ಟರು. ಆ ಲೆಕ್ಕ ನಮ್ಮಲ್ಲಿಗೆ ಹಾಗೇ ಹೊಂದುತ್ತದೆಂದು ನಾನು ಭರವಸೆ ಕೊಡಲಾರೆ.

ಅಡಿಕೆ ಖರೀದಿಸುವ ಒಂದು ಕಡೆ, ತೂಕದಿಂದ ಹಣ ಕೊಡುವವರೆಗೆ ಒಂದೇ ಚೀಟಿಯ ಹಿಂದೆ ಹೋಗಿ ನೋಡಿ ಎಂದು ಸಿಬ್ಬಂದಿಗೇ ಬಿಟ್ಟೆ. ಒಂದೇ ತೂಕವನ್ನು ಎಲ್ಲೆಲ್ಲ ಬರೆಯುತ್ತಿದ್ದೇವೆಂದು ನೋಡಿ ಅವರಿಗೇ ನಗು. ಪುಸ್ತಕ ಬಿಡದ ಕಾರಣವೂ ಸಿಕ್ಕಿತು. ನಮ್ಮಲ್ಲಿ ಕೃಷಿಕರನ್ನು ಗುರುತಿಸುವುದು ಮನೆಯ, ಜಾಗದ ಹೆಸರಿನಿಂದ. ಕಂಪ್ಯೂಟರಿನಲ್ಲಿ ಹುಡುಕಿದರೆ ಸಾಲು ಸಾಲು ಶಂಕರ ಭಟ್ಟರು. ಯಾರ ಅಡಿಕೆ ಯಾರ ಖಾತೆಗೆ? ಪುಸ್ತಕದ ಪುಟಗಳಿದ್ದದ್ದು ಮನೆಹೆಸರಿನ ಕ್ರಮದಲ್ಲಿ. ಸಾಫ್ಟ್‌ವೇರಿಗೆ ಆ ಕಾಲಂ ಸೇರಿದ ಮೇಲೆ, ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದ ಹಿರಿಯ ಗುಮಾಸ್ತರೇ ಹುಡುಗರಿಗೆ ಕಲಿಸತೊಡಗಿದರು. (ಪುಸ್ತಕ ಕಪಾಟಿನಲ್ಲಿದೆ, ಕೀಲಿಕೈ ಅವರ ಹತ್ತಿರವೇ. ಇರಲಿ.)

ನಗದು ಎಣಿಕೆ, ಪಾಸ್‌ವರ್ಡ್, ಆಡಿಟ್ ನಿಯಮಗಳನ್ನು ಮಾತ್ರ ಹೀಗೆ ಬಿಡಬೇಡಿ. ಅವನ್ನು ಹೇಳಿಯೇ ಕೊಡಬೇಕು. ಮತ್ತೆ, ಮಾರ್ಚ್ ಕೊನೆಗೆ ನನ್ನನ್ನು ಕರೆಯಬೇಡಿ. ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಚೀಟಿಯ ಹಿಂದೆ ಹೋಗಲು ಯಾರಿಗೂ ಪುರುಸೊತ್ತಿರುವುದಿಲ್ಲ.