ಓರ್ಲಾಕ್ ಹಾಡಹಗಲೇ ಪೆಟ್ಟಿಗೆ ಹೊತ್ತು ಓಡಾಡುವುದು ಹೇಗೆ?

ಪ್ರಶ್ನೆ: 1922ರ ಜರ್ಮನ್ ಮೂಕಿ ಸಿನಿಮಾ ‘ನೊಸ್ಫೆರಾಟು’ದಲ್ಲಿ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಕೊನೆಗೆ ಬಿಸಿಲು ತಾಗಿ ಸಾಯುತ್ತಾನೆ. ಆದರೆ ಹಡಗಿನಿಂದ ಇಳಿದು ಊರೊಳಗೆ ಬರುವಾಗ ಶವಪೆಟ್ಟಿಗೆಯನ್ನು ಎತ್ತಿಕೊಂಡು ಬಿಸಿಲಿನಲ್ಲೇ ಬೀದಿಬೀದಿ ನಡೆಯುತ್ತಾನೆ. ಕಡಿಮೆ ದುಡ್ಡಿನಲ್ಲಿ ಅವಸರವಾಗಿ ತೆಗೆದ ಚಿತ್ರವಾದ್ದರಿಂದ ಡ್ರಾಕುಲಾ ಕಾದಂಬರಿಯ ಮುಖ್ಯ ನಿಯಮವನ್ನೇ ಮರೆತುಬಿಟ್ಟರೇ?

ಉತ್ತರ: ಇಲ್ಲ. ಅದು ಬಿಸಿಲಲ್ಲ, ರಾತ್ರಿ. ಇನ್ನು ನೀವು ಹೇಳುವ ನಿಯಮ ಆ ಕಾದಂಬರಿಯಲ್ಲಿ ಇಲ್ಲವೇ ಇಲ್ಲ.

ಈ ಚಿತ್ರವನ್ನು ಯಾರಿಗೆ ತೋರಿಸಿದರೂ ದೀಪ ಹಾಕುವ ಮೊದಲೇ ಈ ಪ್ರಶ್ನೆ ಬಂದಿರುತ್ತದೆ. ಎಷ್ಟು ಸಲ ಬಾಯಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ, ಅದಕ್ಕೇ ಈ ಸಲ ಬರೆದೇ ಇಡುತ್ತಿದ್ದೇನೆ.

ಮೊದಲು ರಾತ್ರಿಯ ವಿಷಯ. 1921ರ ಬೇಸಿಗೆಯಲ್ಲಿ ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನೌ ತಂಡ ಕಟ್ಟಿಕೊಂಡು ಜರ್ಮನಿಯ ವಿಸ್ಮಾರ್ ಮತ್ತು ಲ್ಯೂಬೆಕ್ ಊರುಗಳಿಗೂ, ಇವತ್ತಿನ ಸ್ಲೊವಾಕಿಯಾದಲ್ಲಿರುವ ಓರಾವಾ ಕೋಟೆಗೂ ಹೋದರು. ಆಗಿನ ಫಿಲ್ಮ್ ರೀಲಿಗೆ ಬೆಳಕು ಹಿಡಿಯುವ ಶಕ್ತಿ ಬಹಳ ಕಮ್ಮಿ. ನಿಜವಾದ ರಾತ್ರಿಯಲ್ಲಿ ಒಂದು ಇಡೀ ಬೀದಿಯನ್ನು ಚಿತ್ರಿಸಬೇಕೆಂದರೆ ಭಾರೀ ದೀಪಗಳನ್ನು ಹೊತ್ತು ತಿರುಗಬೇಕಿತ್ತು. ಕೈಯಲ್ಲಿದ್ದದ್ದು ಒಂದೇ ಕ್ಯಾಮೆರಾ, ಅದರ ಹಿಂದೆ ಫ್ರಿಟ್ಸ್ ಆರ್ನೊ ವಾಗ್ನರ್. ಹಾಗಾಗಿ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದರು. ಇದು ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ಆಮೇಲೆ ಥಿಯೇಟರಿಗೆ ಹೋಗುವ ಪ್ರತಿಗಳನ್ನು ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ರಾತ್ರಿಯ ತುಣುಕಿಗೆ ನೀಲಿ, ಹಗಲಿಗೆ ಹಳದಿ, ಬೆಳಗಿನ ಜಾವಕ್ಕೆ ಗುಲಾಬಿ. ನೋಡುವ ಜನಕ್ಕೂ ಈ ಭಾಷೆ ಗೊತ್ತಿತ್ತು. ಪರದೆ ನೀಲಿಯಾದರೆ ರಾತ್ರಿಯಾಯಿತು ಎಂದೇ ಅರ್ಥ, ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮುಂದೆ ಆ ಪ್ರತಿಗಳಿಂದ ಪ್ರತಿ ತೆಗೆದವರು ಬರೀ ಕಪ್ಪುಬಿಳುಪು ಫಿಲ್ಮಿಗೆ ಇಳಿಸಿಕೊಂಡರು. ನೀಲಿ ಹೋಯಿತು. ಅದರ ಕೆಳಗಿದ್ದ ಬಿಸಿಲು ಮೇಲೆ ಬಂತು. ಓರ್ಲಾಕ್ ಪೆಟ್ಟಿಗೆ ಹಿಡಿದು ದಾಟಿ ಬರುವ ಆ ದೊಡ್ಡ ಬಾಗಿಲು ವಿಸ್ಮಾರಿನ ಬಂದರಿನಲ್ಲಿರುವ ಇಟ್ಟಿಗೆಯ ‘ನೀರ ಬಾಗಿಲು’. ಬಣ್ಣವಿಲ್ಲದ ಪ್ರತಿಯಲ್ಲಿ ಅವನು ಯಾರದೋ ಮನೆಗೆ ಸಾಮಾನು ಮುಟ್ಟಿಸಲು ಹೊರಟವನಂತೆ ಕಾಣುತ್ತಾನೆ. ಅದೇ ತುಣುಕನ್ನು ನೀಲಿಯಲ್ಲಿ ನೋಡಿ. ಊರಿಗೆ ಊರೇ ಮಲಗಿದೆ, ಒಂದು ಕಿಟಕಿಯೂ ತೆರೆದಿಲ್ಲ, ತನ್ನ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಒಬ್ಬ ಹೊಸ ಮನೆ ಹುಡುಕುತ್ತಿದ್ದಾನೆ. ನೂರು ವರ್ಷ ಹಳೆಯ ಚಿತ್ರ, ಆದರೂ ಅಲ್ಲಿ ನನ್ನ ಬೆನ್ನು ಈಗಲೂ ತಣ್ಣಗಾಗುತ್ತದೆ.

ಇಷ್ಟು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದೆ ಹಟ ಹಿಡಿಯುವುದು ಎರಡನೆಯದಕ್ಕೆ: “ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುವುದು ಬ್ರಾಮ್ ಸ್ಟೋಕರ್ ಬರೆದದ್ದೇ ಅಲ್ಲವೇ? ಅದಕ್ಕೂ ಮೊದಲೇ ಜನಪದರ ನಂಬಿಕೆಯಲ್ಲಿ ಇತ್ತಲ್ಲವೇ?” ಅಲ್ಲ, ಇರಲಿಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1897ರ ಕಾದಂಬರಿಯನ್ನು ತೆರೆಯಿರಿ. ಸೆಪ್ಟೆಂಬರ್ ತಿಂಗಳ ಒಂದು ದಿನ ಮಿನಾ ಮತ್ತು ಜೊನಾಥನ್ ಹಾರ್ಕರ್ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ನಡೆದು ಹೋಗುತ್ತಿರುತ್ತಾರೆ. ಅಂಗಡಿಯ ಮುಂದೆ ಗಾಡಿಯಲ್ಲಿ ಕುಳಿತ ಒಬ್ಬ ಚೆಂದದ ಹುಡುಗಿಯನ್ನು ಎತ್ತರದ, ತೆಳ್ಳಗಿನ ಮನುಷ್ಯನೊಬ್ಬ ದಿಟ್ಟಿಸಿ ನೋಡುತ್ತಾ ನಿಂತಿದ್ದಾನೆ. ಜೊನಾಥನ್ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ನಿಂತಿರುವವನು ಡ್ರಾಕುಲಾ. ಹಗಲು, ಜನಜಂಗುಳಿಯ ಬೀದಿ. ಅವನಿಗೆ ಏನೂ ಆಗುವುದಿಲ್ಲ.

ಅದು ಸಾಲದಿದ್ದರೆ ಅಕ್ಟೋಬರ್ 3ರ ಪುಟಗಳಿಗೆ ಹೋಗಿ. ಪಿಕಡಿಲಿಯಲ್ಲಿ ಡ್ರಾಕುಲಾ ಕೊಂಡ ಮನೆಯಲ್ಲಿ, ಅವನ ಬೆನ್ನು ಹತ್ತಿದ ಡಾಕ್ಟರ್ ವಾನ್ ಹೆಲ್ಸಿಂಗ್ ಮತ್ತು ಸಂಗಡಿಗರು ಹೊಂಚು ಹಾಕಿ ಕಾದಿರುತ್ತಾರೆ. ಡ್ರಾಕುಲಾ ಹಗಲಲ್ಲೇ ಒಳಗೆ ಬರುತ್ತಾನೆ. ಜೊನಾಥನ್ ತನ್ನ ಕುಕ್ರಿ ಬೀಸುತ್ತಾನೆ. ಹೌದು, ನಮ್ಮ ಗೂರ್ಖಾ ಸೈನಿಕರ ಸೊಂಟದಲ್ಲಿರುವ ಅದೇ ಕುಕ್ರಿ. ಏಟು ಮೈಗೆ ತಾಗದೆ ಕೋಟನ್ನು ಸೀಳುತ್ತದೆ, ಸೀಳಿನಿಂದ ನೋಟಿನ ಕಟ್ಟು ಮತ್ತು ಚಿನ್ನದ ನಾಣ್ಯಗಳು ನೆಲಕ್ಕೆ ಸುರಿಯುತ್ತವೆ. ಅವನು ಕಿಟಕಿಯ ಗಾಜು ಒಡೆದುಕೊಂಡು ಅಂಗಳಕ್ಕೆ ಹಾರಿ ಓಡಿಹೋಗುತ್ತಾನೆ. ಯಾಕೆ ಓಡಬೇಕು? ಬಾವಲಿಯಾಗಿ ಹಾರಿಹೋಗಬಹುದಿತ್ತಲ್ಲ? ಆಗುವುದಿಲ್ಲ, ಏಕೆಂದರೆ ಹಗಲಲ್ಲಿ ಅವನ ಶಕ್ತಿ ಉಡುಗಿರುತ್ತದೆ. ಸ್ಟೋಕರ್ ಹಾಕಿದ ನಿಯಮ ಇಷ್ಟೇ. ಸೂರ್ಯ ಇರುವಾಗ ಅವನು ಹೆಚ್ಚುಕಡಿಮೆ ಮನುಷ್ಯನಂತೆ. ರೂಪ ಬದಲಿಸುವುದಿದ್ದರೆ ಸೂರ್ಯೋದಯ, ನಡುಹಗಲು, ಸೂರ್ಯಾಸ್ತದ ಗಳಿಗೆಯಲ್ಲಿ ಮಾತ್ರ.

ಇನ್ನು ಅವನ ಸಾವು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಸೂರ್ಯ ಇನ್ನೂ ಮುಳುಗಿರುವುದಿಲ್ಲ, ಒಳಗೆ ಮಲಗಿದವನು ಆ ಸೂರ್ಯನನ್ನು ಕಣ್ಣಾರೆ ನೋಡುತ್ತಾನೆ. ನೋಡಿ ಸುಡುವುದಿಲ್ಲ, ಹೆದರುವುದೂ ಇಲ್ಲ. ಇನ್ನೊಂದು ಕ್ಷಣಕ್ಕೆ ಕತ್ತಲಾಗುತ್ತದೆ, ತನ್ನ ಬಲ ಮರಳುತ್ತದೆ ಎಂದು ಅವನ ಮುಖದಲ್ಲಿ ಗೆಲುವು ಮೂಡುತ್ತದೆ. ಆ ಕ್ಷಣಕ್ಕೇ ಜೊನಾಥನ್‌ನ ಕುಕ್ರಿ ಕತ್ತನ್ನು ಸೀಳುತ್ತದೆ, ಸಂಗಡಿಗ ಕ್ವಿನ್ಸಿ ಮಾರಿಸ್‌ನ ಚೂರಿ ಎದೆಗೆ ಇಳಿಯುತ್ತದೆ. ಕೊಂದದ್ದು ಉಕ್ಕು, ಸೂರ್ಯನಲ್ಲ. ಪುಸ್ತಕ ಓದಿದ್ದೇನೆ ಎನ್ನುವವರೂ ಇದನ್ನು ತಪ್ಪಾಗಿ ಹೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕೊನೆಯ ಎರಡು ಪುಟ ಮತ್ತೊಮ್ಮೆ ತಿರುವಿದರೆ ಸಾಕಲ್ಲವೇ!

ಜನಪದ ನಂಬಿಕೆಯ ಮಾತಿಗೂ ಆಧಾರವಿಲ್ಲ. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಹಳ್ಳಿಯವರು ಪೀಟರ್ ಬ್ಲಾಗೊಯೆವಿಚ್ ಎಂಬಾತ ಸತ್ತ ಮೇಲೂ ಬಂದು ಜನರನ್ನು ಕೊಲ್ಲುತ್ತಿದ್ದಾನೆ ಎಂದು ಗೋರಿ ಅಗೆಸಿದರು. ಆಸ್ಟ್ರಿಯನ್ ಅಧಿಕಾರಿಯೊಬ್ಬ ಮುಂದೆ ನಿಂತು ನೋಡಿ ವರದಿ ಬರೆದ, ಅದು ವಿಯೆನ್ನಾದ ಪತ್ರಿಕೆಯಲ್ಲೂ ಅಚ್ಚಾಯಿತು. ಹೊರತೆಗೆದ ಹೆಣ ಗಾಳಿ ಬೆಳಕಿಗೆ ಬಂದು ಹೊಗೆಯಾಗಿ ಹೋಯಿತೆಂದು ಅದರಲ್ಲಿಲ್ಲ. ಎದೆಗೆ ಗೂಟ ಹೊಡೆದರು, ಆಮೇಲೆ ಸುಟ್ಟರು. ಬಿಸಿಲಿಗೆ ಎಳೆದು ಹಾಕಿದರೆ ಮುಗಿಯುತ್ತದೆ ಎಂಬ ನಂಬಿಕೆ ಇದ್ದಿದ್ದರೆ ಗೂಟ ಕೆತ್ತುವ ಕಷ್ಟ ಯಾರಿಗೆ ಬೇಕಿತ್ತು? 1872ರ ‘ಕಾರ್ಮಿಲಾ’ ಕಥೆಯ ರಕ್ತಪಿಶಾಚಿಯೂ ಅಷ್ಟೆ. ಮಧ್ಯಾಹ್ನ ತಡವಾಗಿ ಎದ್ದು, ಬಳಲಿದವಳಂತೆ ಹೊರಗೆ ಅಡ್ಡಾಡುತ್ತಾಳೆ.

ಕೋಳಿ ಕೂಗಿದರೆ ದೆವ್ವ ನಿಲ್ಲುವುದಿಲ್ಲ ಎಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದರು, ನಿಜ. ಆದರೆ ಹೊರಟುಹೋಗುವುದು ಬೇರೆ, ಸಾಯುವುದು ಬೇರೆ. ಕೋಳಿ ಕೂಗಿಗೆ ಹೋದ ದೆವ್ವ ಮರುದಿನ ರಾತ್ರಿ ಮತ್ತೆ ಬರುತ್ತಿತ್ತು. ಈ ಎರಡನ್ನು ಒಂದು ಮಾಡಿದ್ದೇ ‘ನೊಸ್ಫೆರಾಟು’. ಹೆನ್ರಿಕ್ ಗಾಲೀನ್ ಬರೆದ ಚಿತ್ರಕಥೆಯಲ್ಲಿ, ಶುದ್ಧ ಮನಸ್ಸಿನ ಹೆಣ್ಣೊಬ್ಬಳು ರಕ್ತಪಿಶಾಚಿಗೆ ಕೋಳಿಯ ಮೊದಲ ಕೂಗು ಕೇಳದಂತೆ ತನ್ನ ಬಳಿ ಹಿಡಿದಿಡಬೇಕು. ನಾಯಕಿ ಎಲೆನ್ ಹಾಗೆ ಹಿಡಿದಿಡುತ್ತಾಳೆ. ಓರ್ಲಾಕ್ ಪಾತ್ರದ ಮ್ಯಾಕ್ಸ್ ಶ್ರೆಕ್ ಆ ಹಾಸಿಗೆಯ ಪಕ್ಕದಿಂದ ತಲೆ ಎತ್ತುವುದನ್ನು ಗಮನಿಸಿ. ಎದ್ದು ಕಿಟಕಿಯ ಮುಂದೆ ಬರುತ್ತಾನೆ, ಕೈ ಎದೆಗೆ ಹೋಗುತ್ತದೆ, ಮೈ ಪಾರದರ್ಶಕವಾಗುತ್ತಾ ಬಂದು ಇಲ್ಲವಾಗುತ್ತದೆ, ನೆಲದಲ್ಲಿ ಒಂದು ಎಳೆ ಹೊಗೆ. ಸಿನಿಮಾದಲ್ಲಿ ಬಿಸಿಲಿಗೆ ಸತ್ತ ರಕ್ತಪಿಶಾಚಿಗಳೆಲ್ಲ ಇವನ ಸಂತಾನ. 1958ರ ಬ್ರಿಟಿಷ್ ‘ಡ್ರಾಕುಲಾ’ದಲ್ಲಿ ವಾನ್ ಹೆಲ್ಸಿಂಗ್ ಪಾತ್ರದ ಪೀಟರ್ ಕುಶಿಂಗ್ ಕಿಟಕಿಯ ಪರದೆ ಹರಿದು ಬೆಳಕು ಬೀಳಿಸಿದ ಮೇಲಂತೂ ಇದು ಸನಾತನ ಸತ್ಯವೆಂಬಂತೆ ಜನರ ಮನಸ್ಸಿನಲ್ಲಿ ಕುಳಿತಿತು. ಅಂದರೆ ನಿಯಮ ಮರೆತರೆಂದು ನೀವು ದೂರುತ್ತಿರುವುದು, ಆ ನಿಯಮವನ್ನು ಹುಟ್ಟಿಸಿದವರನ್ನೇ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಆ ನೀಲಿ ಕಳೆದುಹೋದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು.

ಚಿತ್ರ ತೆಗೆದ ಕಂಪನಿಯ ಹೆಸರು ಪ್ರಾಣ ಫಿಲ್ಮ್. ಹೌದು, ನಮ್ಮ ಸಂಸ್ಕೃತದ ‘ಪ್ರಾಣ’ವೇ. ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬನಾದ ಆಲ್ಬಿನ್ ಗ್ರಾವ್‌ಗೆ ಗೂಢವಿದ್ಯೆಯ ಹುಚ್ಚು. ಓರ್ಲಾಕ್‌ನ ಇಲಿಹಲ್ಲು, ಬೋಳುತಲೆ, ಉದ್ದುಗುರು ಎಲ್ಲ ರೂಪುಗೊಂಡದ್ದು ಅವನ ಕೈಯಲ್ಲಿ. 1922ರ ಮಾರ್ಚ್ 4ರಂದು ಬರ್ಲಿನ್ನಿನ ಮೃಗಾಲಯದ ಅಮೃತಶಿಲೆಯ ಸಭಾಂಗಣದಲ್ಲಿ ಮೊದಲ ಪ್ರದರ್ಶನ ನಡೆಯಿತು. ಕಾದಂಬರಿಯ ಹಕ್ಕು ಮಾತ್ರ ಕೊಂಡಿರಲಿಲ್ಲ. ಡ್ರಾಕುಲಾ ಓರ್ಲಾಕ್ ಆದ, ಹಾರ್ಕರ್ ಹುಟ್ಟರ್ ಆದ. ಹೆಸರು ಬದಲಿಸಿದ್ದು ಕಳ್ಳತನ ಮುಚ್ಚಲು ಎಂದು ಹಲವರು ಬರೆಯುತ್ತಾರೆ. ಆದರೆ ಕಥೆ ಸ್ಟೋಕರ್ ಕಾದಂಬರಿಯದು ಎಂದು ಚಿತ್ರದ ಆರಂಭದ ಹೆಸರುಪಟ್ಟಿಯಲ್ಲೇ ಒಪ್ಪಿಕೊಂಡಿದ್ದಾರೆ, ಮುಚ್ಚಿಡುವವರು ಹಾಗೆ ಬರೆಯುತ್ತಾರೆಯೇ? ಸ್ಟೋಕರ್ 1912ರಲ್ಲೇ ತೀರಿಕೊಂಡಿದ್ದರು. ಅವರ ಪತ್ನಿ ಫ್ಲಾರೆನ್ಸ್ ದಾವೆ ಹೂಡಿದರು. ಆಕೆಯ ಕಡೆ ನ್ಯಾಯವಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಷ್ಟರಲ್ಲಿ ಪ್ರಾಣ ಫಿಲ್ಮ್ ಇದೊಂದೇ ಚಿತ್ರ ತೆಗೆದು ದಿವಾಳಿಯಾಗಿತ್ತು. ಪರಿಹಾರ ಕೊಡಲು ದುಡ್ಡಿಲ್ಲ. 1925ರಲ್ಲಿ ಜರ್ಮನ್ ನ್ಯಾಯಾಲಯ ಎಲ್ಲ ಪ್ರತಿಗಳನ್ನೂ ನಾಶಮಾಡಲು ಆದೇಶಿಸಿತು.

ಒಂದೇ ಕ್ಯಾಮೆರಾದಲ್ಲಿ ತೆಗೆದದ್ದರಿಂದ ಇದ್ದ ಮೂಲ ನೆಗೆಟಿವ್ ಕೂಡ ಒಂದೇ, ಅದು ಇಂದಿಗೂ ಸಿಕ್ಕಿಲ್ಲ. ಚಿತ್ರ ಉಳಿದದ್ದು ಅದಾಗಲೇ ಹೊರದೇಶಗಳಿಗೆ ಹೋಗಿದ್ದ ಪ್ರತಿಗಳಿಂದ. ಅವುಗಳ ಪ್ರತಿ, ಆ ಪ್ರತಿಯ ಪ್ರತಿ, ಹೀಗೆ ಇಳಿಯುತ್ತಾ ಇಳಿಯುತ್ತಾ ಬಣ್ಣ ಮಾಯವಾಯಿತು. ಪ್ಯಾರಿಸ್ಸಿನ ಸಿನೆಮಾತೆಕ್ ಎಂಬ ಚಿತ್ರಸಂಗ್ರಹಾಲಯದಲ್ಲಿದ್ದ, ಆ ಕಾಲದ ಬಣ್ಣ ಹೊತ್ತ ಒಂದು ಪ್ರತಿಯನ್ನು ಆಧಾರ ಮಾಡಿಕೊಂಡು 2006ರ ಹೊತ್ತಿಗೆ ಮುರ್ನೌ ಪ್ರತಿಷ್ಠಾನ ಚಿತ್ರವನ್ನು ಮತ್ತೆ ಸಿದ್ಧಪಡಿಸಿತು. ಅದರಲ್ಲಿ ವಿಸ್ಮಾರಿನ ಬಾಗಿಲಿಗೆ ರಾತ್ರಿ ಮರಳಿದೆ.

ಹಾಗಾಗಿ ಮುಂದಿನ ಸಲ ನೋಡುವಾಗ ಹಡಗು ಬಂದರಿಗೆ ಬರುವ ಭಾಗವನ್ನು ಮೊದಲು ಒಂದು ನಿಮಿಷ ಹಾಕಿ ನೋಡಿ. ಪರದೆ ನೀಲಿಯಾಗಿದ್ದರೆ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ನೋಡಿ. ಬೂದುಬಣ್ಣದ ಬಿಸಿಲು ಕಂಡರೆ ಅಲ್ಲೇ ನಿಲ್ಲಿಸಿ, ಬೇರೆ ಪ್ರತಿ ಹುಡುಕಿ.